ಬಡಿಸುವ ನಿರ್ದೇಶಕಿ

ಹೊರಗಿನವರು ಬರುತ್ತಾರೆ, ಕಂಪನಿ ತೆರೆಯುತ್ತಾರೆ, ಒಂದು ಬೆಳಿಗ್ಗೆ ಬೀಗ ಜಡಿದು ವಿಮಾನ ಹತ್ತುತ್ತಾರೆ. ಹಾಲ್ವಿಕ್ ದೇಶದವರಿಗೆ ಇದು ಹಳೆಯ ಗೋಳು. ಅದಕ್ಕೆ ಅವರು ಕಂಡುಕೊಂಡ ಮದ್ದಿನ ಹೆಸರು ನೆರಳು. ಪರದೇಶದವರು ಯಾರೇ ಕಂಪನಿ ನೋಂದಾಯಿಸಿದರೂ ಆ ದೇಶದಲ್ಲೇ ನೆಲೆಸಿರುವ ಒಬ್ಬ ನಿರ್ದೇಶಕ ಇರಲೇಬೇಕು. ಜನಸಂಖ್ಯೆ ಕರಗುತ್ತಿರುವ ದೇಶ, ಅಂಥವರು ಸಿಗುವುದು ಕಷ್ಟ. ಹಾಗಾಗಿ ಸರ್ಕಾರವೇ ಒಂದು ಯಂತ್ರ ಕೊಡುತ್ತದೆ. ಊಟದ ಡಬ್ಬಿಯಷ್ಟು ದೊಡ್ಡದು, ಕಪ್ಪಗಿರುತ್ತದೆ. ಒಂದು ಚಳಿಗಾಲ ಪೂರ್ತಿ ಕಂಪನಿಯ ಒಡೆಯರ ಜೊತೆಗಿದ್ದು, ಅವರ ಹಾಗೆ ತೀರ್ಮಾನ ಮಾಡುವುದನ್ನು ಕಲಿಯುತ್ತದೆ. ಕಲಿತ ಮೇಲೆ ನಿರ್ದೇಶಕರ ಕುರ್ಚಿ ಅದರದ್ದು. ಎರಡು ವರ್ಷ ಅದರ ಸಹಿಯೇ ಸಹಿ. ಒಡೆಯರಾಗಲಿ, ಪಾಲುದಾರರಾಗಲಿ, ಯಾರೂ ಅದನ್ನು ಅಳಿಸುವಂತಿಲ್ಲ.

ಇದೆಲ್ಲ ಗೊತ್ತಿದ್ದೇ ಹೋದೆ. ಹೆದರಿಕೊಂಡು ಮೂಲೆ ಹಿಡಿಯುವ ಜಾಯಮಾನ ನನ್ನದಲ್ಲ. ನಾನು ಕಸ್ತೂರಿ ಮುಳಗುಂದ, ಊರು ಹುಬ್ಬಳ್ಳಿ, ಓದಿದ್ದು ರಸಾಯನಶಾಸ್ತ್ರ. ಕಾಲೇಜಿನ ಲ್ಯಾಬಿನಲ್ಲಿ ಅರ್ಧ ಆಯುಷ್ಯ ಬೇರೆಯವರ ಹೆಸರಿಗೆ ದುಡಿದು, ಉಳಿದ ಹೊತ್ತಿನಲ್ಲಿ ನನ್ನದೇ ಒಂದು ಜರಡಿ ಮಾಡಿದ್ದೆ.

ಜರಡಿ ಎಂದರೆ ತೆಳುವಾದ ಒಂದು ಹಾಳೆ. ಅದರ ರಂಧ್ರಗಳು ನೀರನ್ನು ಬಿಡುವುದಿಲ್ಲ, ನೀರಿನ ಆವಿಯನ್ನು ಮಾತ್ರ ಬಿಡುತ್ತವೆ. ಒಂದು ಬದಿಗೆ ಬೆಚ್ಚಗಿನ ಉಪ್ಪುನೀರು, ಇನ್ನೊಂದು ಬದಿಗೆ ಕೊರೆಯುವ ತಂಪು ಇದ್ದರೆ ಸಾಕು. ಆವಿ ತಾನಾಗಿಯೇ ಹಾಳೆ ದಾಟಿ, ಆಚೆ ತಣ್ಣಗಾಗಿ, ಸಿಹಿನೀರಾಗಿ ತೊಟ್ಟಿಕ್ಕುತ್ತದೆ. ಉಪ್ಪು ಹಿಂದೆಯೇ ಉಳಿಯುತ್ತದೆ. ಕರೆಂಟು ಬೇಡ, ಪಂಪು ಬೇಡ, ಒಲೆಯ ಪಕ್ಕದ ಕಾವು ಸಾಕು. ಹುಬ್ಬಳ್ಳಿಯಲ್ಲಿ ಇದನ್ನು ಇಟ್ಟುಕೊಂಡು ಏನು ಮಾಡಲಿ? ಅಲ್ಲಿ ಸಮುದ್ರವೂ ಇಲ್ಲ, ಹಿಮವೂ ಇಲ್ಲ. ಹಾಲ್ವಿಕ್‌ನಲ್ಲಿ ಎರಡೂ ಇದ್ದವು. ಕಡಲು ಏರಿ ಅಲ್ಲಿನ ಬಾವಿಗಳೆಲ್ಲ ಉಪ್ಪಾಗಿದ್ದವು. ಕುಡಿಯುವ ನೀರು ಓರ್ಡಲ್ ಎಂಬ ಒಂದೇ ಕಂಪನಿಯ ಕೈಯಲ್ಲಿತ್ತು. ಕೆಳಬಂದರಿನ ಬಡವರು ಮಕ್ಕಳಿಗೆ ಸ್ನಾನ ಮಾಡಿಸಿದ ನೀರಿನಲ್ಲೇ ಬಟ್ಟೆ ಒಗೆಯುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಅಲ್ಲಿಗೆ ದಾನಧರ್ಮ ಮಾಡಲು ಹೋಗಿರಲಿಲ್ಲ. ಜರಡಿ ನನ್ನದು, ಕಂಪನಿ ನನ್ನದು, ಬಾಗಿಲ ಮೇಲೆ ನನ್ನ ಹೆಸರು ಇರಬೇಕು, ಸಂಪಾದನೆಯೂ ನನ್ನದಾಗಬೇಕು ಎಂದೇ ಹೋಗಿದ್ದೆ. ಅದಕ್ಕೆ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಮ್ಮ ಯಜಮಾನರು ಮಹಾಂತೇಶ, ಹುಬ್ಬಳ್ಳಿಯ ಸ್ಟೇಶನ್ ರಸ್ತೆಯಲ್ಲಿ ಖಾನಾವಳಿ ನಡೆಸಿದವರು. ಅದನ್ನು ತಮ್ಮನ ಕೈಗೆ ಕೊಟ್ಟು ನನ್ನ ಜೊತೆ ಹೊರಟರು.

"ಆ ದೇಶದಾಗ ರೊಟ್ಟಿ ಸಿಗ್ತಾವೇನು?" ಎಂದು ಕೇಳಿದ್ದರು.

"ನೀವು ಬಡದ್ರ ಸಿಗ್ತಾವ್ರಿ."

"ಹಂಗಾದ್ರ ಬರ್ತೀನಿ ನಡಿ" ಎಂದು ಜೋಳದ ಹಿಟ್ಟಿನ ಚೀಲ ಕಟ್ಟಿಕೊಂಡೇ ಬಂದರು.

ನೋಂದಣಿ ಭವನದಲ್ಲಿ ನಮಗೆ ನೆರಳನ್ನು ಕೊಟ್ಟವಳು ಆಲ್ಮಾ ಹೆಸ್ಟ್ ಎಂಬ ಅಧಿಕಾರಿ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ. "ಇದು ನೀವು ಹೇಳಿದ್ದನ್ನು ಕಲಿಯುವುದಿಲ್ಲ, ಮಾಡಿದ್ದನ್ನು ಕಲಿಯುತ್ತದೆ" ಎಂದಳು ತನ್ನ ಭಾಷೆಯಲ್ಲಿ. "ನೀವು ಏನನ್ನಾದರೂ ತೀರ್ಮಾನಿಸುವ ಕಡೆಗೆಲ್ಲ ಇದನ್ನು ಒಯ್ಯಿರಿ."

ಮನೆಗೆ ತಂದು ಇಟ್ಟ ಕೂಡಲೇ ಅದು ನನ್ನದೇ ಧ್ವನಿಯಲ್ಲಿ ನಮಸ್ಕಾರ ಹೇಳಿತು. ಮಹಾಂತೇಶ ಹಣೆ ಬಡಿದುಕೊಂಡರು. "ಶಿವನ! ಒಬ್ಬಾಕಿನ್ನ ತಡ್ಕೊಳ್ಳೂದs ಸಾಕಾಗಿತ್ತು. ಈಗ ಇಬ್ಬರಾದ್ರು!"

ತೀರ್ಮಾನಿಸುವ ಕಡೆಗೆಲ್ಲ ಒಯ್ಯಿರಿ ಎಂದರೆ ಒಯ್ಯುವುದೆಲ್ಲಿಗೆ? ಆ ಚಳಿಗಾಲ ಬಂದರು ಹೆಪ್ಪುಗಟ್ಟಿ, ನಮ್ಮ ಯಂತ್ರಗಳು ಹಡಗಿನಲ್ಲೇ ಸಿಕ್ಕಿಕೊಂಡವು. ಬಾಡಿಗೆ ಹಿಡಿದ ಕಾರ್ಖಾನೆಯಲ್ಲಿ ಗೋಡೆ ನೋಡಿಕೊಂಡು ಕೂರುವುದೇ ಕೆಲಸ. ತೀರ್ಮಾನ ಮಾಡುವಂಥದ್ದೆಲ್ಲ ನಡೆದದ್ದು ನಮ್ಮ ಊಟದ ಮನೆಯಲ್ಲಿ. ಪರಿಚಯ ಬೆಳೆಯಲಿ ಎಂದು ಮಹಾಂತೇಶ ಭಾನುವಾರ ಭಾನುವಾರ ಕೆಳಬಂದರಿನವರನ್ನು ಊಟಕ್ಕೆ ಕರೆಯತೊಡಗಿದ್ದರು. ಮೀನು ಮಾರುವ ಟೋವಾ ಮೊದಲು ಬಂದಳು, ಆಮೇಲೆ ಅವಳ ಕೇರಿಯವರು ಬಂದರು. ಒಳಗೆ ಬೆಚ್ಚಗಿರಲಿ ಎಂದು ನಾನು ನೆರಳನ್ನು ರೊಟ್ಟಿ ಬುಟ್ಟಿಯ ಪಕ್ಕಕ್ಕೇ ಇಟ್ಟಿದ್ದೆ.

ನಮ್ಮ ಕಡೆ ಬಡಿಸುವ ರೀತಿ ನಿಮಗೆ ಗೊತ್ತೇ ಇದೆ. ಉಂಡವರು ಸಾಕು ಎಂದ ಕೂಡಲೇ ಬುಟ್ಟಿ ಎತ್ತಿ ಒಳಗಿಟ್ಟರೆ ಅದು ಊಟಕ್ಕೆ ಕರೆದಂತೆಯೇ ಅಲ್ಲ. ಟೋವಾ ಒಂದು ಕೈ ಅಡ್ಡ ಹಿಡಿದರೆ ನಾನು ಕೈ ಸರಿಸಿ ಇನ್ನೊಂದು ರೊಟ್ಟಿ ಹಾಕುತ್ತಿದ್ದೆ, ಅದರ ಮೇಲೆ ಎಣ್ಣೆಗಾಯಿ, ಅದರ ಮೇಲೆ ಶೇಂಗಾ ಹಿಂಡಿ. "ಅಷ್ಟಕ್ಕ ಸಾಕಂದ್ರ ಹೆಂಗ್ರಿ? ಇನ್ನೊಂದು ಚೂರು" ಎಂದು ನಾನು ಕನ್ನಡದಲ್ಲೇ ಒತ್ತಾಯ ಮಾಡುತ್ತಿದ್ದೆ, ಅವರು ನಗುತ್ತಾ ಉಣ್ಣುತ್ತಿದ್ದರು. ಎರಡೂ ಕೈ ತಾಟಿಗೆ ಅಡ್ಡ ಹಿಡಿದರೆ ಮಾತ್ರ ನಿಲ್ಲಿಸುತ್ತಿದ್ದೆ. ಪಕ್ಕದಲ್ಲಿದ್ದ ಕಪ್ಪು ಡಬ್ಬಿ ಏನು ಮಾಡುತ್ತಿದೆ ಎಂದು ನಾನು ಒಂದು ಸಲವಾದರೂ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಹಿಮ ಕರಗಿತು. ನೆರಳು ಕುರ್ಚಿ ಏರಿತು. ಅದರ ಮೊದಲ ಕೆಲಸವೇ ಓರ್ಡಲ್ ಜೊತೆ ಮಾತುಕತೆ. ಕಡಲನೀರನ್ನು ಬಳಸುವ ಹಕ್ಕು ಆ ದೇಶದಲ್ಲಿ ಓರ್ಡಲ್‌ಗೆ ಸೇರಿದ್ದು. ಅವರಿಗೆ ಒಂದಿಷ್ಟು ಪಾಲು ಕೊಟ್ಟರೆ ನಮ್ಮ ಕಂಪನಿಗೂ, ಕಂಪನಿ ಅನುಮತಿ ಕೊಟ್ಟವರಿಗೂ ಆ ಹಕ್ಕು ಸಿಗುತ್ತದೆ. ಹತ್ತರಲ್ಲಿ ಒಂದು ಪಾಲು ಹೋಗಬಹುದೆಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಮಾತುಕತೆ ನಡೆಯುವ ಕೋಣೆಗೂ ನಾವು ಕೂರುವ ಕೋಣೆಗೂ ನಡುವೆ ದಪ್ಪ ಗಾಜು. ಅವರ ಮಾತು ನಮಗೆ ಕೇಳಿಸುತ್ತದೆ, ನಮ್ಮದು ಅವರಿಗೆ ಕೇಳಿಸುವುದಿಲ್ಲ. ಮೇಜಿನ ಒಂದು ಬದಿಗೆ ಕಪ್ಪು ಡಬ್ಬಿ, ಎದುರಿಗೆ ಓರ್ಡಲ್‌ನ ವ್ಯವಹಾರ ಮುಖ್ಯಸ್ಥ ರೆಂಡೆಲ್. ಇಸ್ತ್ರಿ ಮಾಡಿದ ಮನುಷ್ಯ. ಅವನು ಚೌಕಾಶಿಗೆ ಜಾಗ ಇಟ್ಟುಕೊಂಡು ಮೂರನೇ ಒಂದು ಪಾಲು ಕೇಳಿದ.

"ಆಗಲಿ" ಎಂದಿತು ನೆರಳು, ಅವನ ಭಾಷೆಯಲ್ಲಿ, ನನ್ನ ಧ್ವನಿಯಲ್ಲಿ.

ರೆಂಡೆಲ್‌ಗೇ ನಂಬಿಕೆ ಬರಲಿಲ್ಲ. "ಧನ್ಯವಾದ. ನಮಗೆ ಅಷ್ಟು ಸಾಕು" ಎಂದ.

"ಅಷ್ಟಕ್ಕೆ ಸಾಕೆಂದರೆ ಹೇಗೆ? ಇನ್ನು ಸ್ವಲ್ಪ ತೆಗೆದುಕೊಳ್ಳಿ."

ನಾನು ಎದ್ದು ನಿಂತೆ. ರೆಂಡೆಲ್ ಇದು ಯಾವುದೋ ಬಲೆ ಇರಬೇಕೆಂದು ಹಿಂಜರಿದ. "ಬೇಡ, ನಿಜವಾಗಿಯೂ ಸಾಕು" ಎಂದ. ಅವನು ಬೇಡ ಎಂದಷ್ಟೂ ಡಬ್ಬಿ ಬಡಿಸುತ್ತಲೇ ಹೋಯಿತು. ಅರ್ಧ ದಾಟಿತು. ನಾನು ಗಾಜು ಬಡಿದೆ, ಕೂಗಿದೆ, ಚಪ್ಪಲಿ ತೆಗೆದು ಗಾಜಿಗೆ ಹೊಡೆದೆ. ನೂರರಲ್ಲಿ ಐವತ್ತೊಂದಕ್ಕೆ ಬಂದಾಗ ರೆಂಡೆಲ್ ಗಾಬರಿಯಿಂದ ಎರಡೂ ಕೈ ಮೇಜಿನ ಮೇಲೆ ಅಡ್ಡ ಹಿಡಿದ. ಆಗ ನೆರಳು ನಿಂತು ಸಹಿ ಹಾಕಿತು.

ಮಹಾಂತೇಶ ನನ್ನ ಕೈಯಿಂದ ಚಪ್ಪಲಿ ತೆಗೆದುಕೊಂಡರು. "ಕಸ್ತೂರಿ, ಇದು ನಮ್ಮ ಊಟದ ಮನ್ಯಾಗ ಕಲತದ್ದs ಅಲ್ಲ?" ಎಂದರು. ಕಂಪನಿ ಹೋಗಿತ್ತು.

ಮರುದಿನವೇ ರೆಂಡೆಲ್ ನಮ್ಮ ಕಾರ್ಖಾನೆಗೆ ಬಂದ. ಜರಡಿಯನ್ನು ಓರ್ಡಲ್ ತಯಾರಿಸುವುದಿಲ್ಲವಂತೆ, ಬೇರೆಯವರಿಗೂ ತಯಾರಿಸಲು ಬಿಡುವುದಿಲ್ಲವಂತೆ. ಸುರಕ್ಷಿತವಾಗಿ ಕಪಾಟಿನಲ್ಲಿ ಇಡುತ್ತಾರಂತೆ. "ನಿಮ್ಮಿಬ್ಬರಿಗೂ ಊರಿಗೆ ಹೋಗಲು ಒಳ್ಳೆಯ ಟಿಕೆಟ್ ಕೊಡಿಸುತ್ತೇವೆ" ಎಂದ.

"ಟಿಕೆಟ್ ನಿನ್ನ ಹತ್ರನs ಇರಲಿ" ಎಂದೆ. ಅವನಿಗೆ ಅರ್ಥವಾಗದಿದ್ದರೂ ಬಾಗಿಲು ತೋರಿಸಿದ್ದು ಅರ್ಥವಾಯಿತು.

ನಾನು ಆಲ್ಮಾ ಹೆಸ್ಟ್ ಮುಂದೆ ಹೋಗಿ ಕೂತೆ. ಅವಳು ಅದೇ ಮುಖದಲ್ಲಿ ಹೇಳಿದಳು: "ನೆರಳಿನ ಸಹಿ ಅಳಿಸುವುದಕ್ಕೆ ಒಂದೇ ದಾರಿ. ಅದು ನಿಮ್ಮ ಹಾಗಿಲ್ಲ ಎಂದು ಸಾಬೀತಾಗಬೇಕು. ಅದು ಕಲಿತ ಸನ್ನಿವೇಶದಲ್ಲೇ ನಿಮ್ಮನ್ನು ಕೂರಿಸುತ್ತೇವೆ. ನೀವು ಬೇರೆ ರೀತಿ ನಡೆದುಕೊಂಡರೆ ನೆರಳು ರದ್ದು, ಒಪ್ಪಂದವೂ ರದ್ದು."

"ಸನ್ನಿವೇಶ ಎಂದರೆ?"

"ಊಟದ ಮೇಜು. ಒಬ್ಬ ಅತಿಥಿ. ಅವರು ಸಾಕು ಎಂದಾಗ ನೀವು ನಿಲ್ಲಿಸಬೇಕು, ಅಷ್ಟೇ."

ಅಷ್ಟೇ! ಮನೆಗೆ ಓಡೋಡಿ ಬಂದೆ. ನೆರಳನ್ನು ಭವನಕ್ಕೆ ಒಪ್ಪಿಸಿಯಾಗಿತ್ತು, ಧೈರ್ಯವಾಗಿ ಅಭ್ಯಾಸ ಮಾಡಬಹುದಿತ್ತು. ಮಹಾಂತೇಶರನ್ನು ತಾಟಿನ ಮುಂದೆ ಕೂರಿಸಿದೆ. ಅವರು ಎರಡು ರೊಟ್ಟಿ ಉಂಡು "ಸಾಕು" ಎಂದರು. ನಾನು ಬುಟ್ಟಿ ಎತ್ತಿ ಒಳಗಿಟ್ಟೆ. ಮತ್ತೆ ಕೂರಿಸಿದೆ, ಮತ್ತೆ ಎತ್ತಿದೆ.

"ಏ, ಒಂದು ಮಾತು ಹೇಳ್ಲಿ?" ಎಂದರು ಕೊನೆಗೆ.

"ಹೇಳ್ರಿ."

"ನಂಗ ಖರೇನs ಹಸಿವಾಗೇತಿ."

ಇಬ್ಬರೂ ನಕ್ಕೆವು, ಆಮೇಲೆ ನನಗೆ ಅಳು ಬಂತು. ಅವರು ಬುಟ್ಟಿ ತಾವೇ ತಂದುಕೊಂಡು, "ಒಂದು ಊಟ ಜಿಪುಣತನ ಮಾಡಿದ್ರ ಯಾರೂ ಸಾಯೂದಿಲ್ಲ. ಮಾಡಿಬಿಡು. ಇಪ್ಪತ್ತು ವರ್ಷದ ದುಡಿಮಿ ಐತಿ ಅದರಾಗ" ಎಂದರು. ಮಾಡುತ್ತೇನೆ ಎಂದು ನಾನೂ ಮಾತು ಕೊಟ್ಟೆ. ಮಾಡುವ ಮನಸ್ಸೂ ಇತ್ತು.

ಪರೀಕ್ಷೆಯ ದಿನ ಗಾಜಿನಾಚೆ ರೆಂಡೆಲ್ ಕೂತಿದ್ದ, ಆಲ್ಮಾ ಕೂತಿದ್ದಳು, ಮಹಾಂತೇಶರೂ ಕೂತಿದ್ದರು. ಈಚೆ ನಾನು, ರೊಟ್ಟಿ ಬುಟ್ಟಿ, ಮತ್ತು ಅವರು ಎಲ್ಲಿಂದಲೋ ಕರೆತಂದ ಅತಿಥಿ. ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತನಾದ ಮುದುಕನಂತೆ. ಅಂಗಿಯ ಕಾಲರಿನೊಳಗೆ ಕುತ್ತಿಗೆ ಸಡಿಲವಾಗಿ ಅಲ್ಲಾಡುತ್ತಿತ್ತು. ಒಂದು ರೊಟ್ಟಿ ಹಾಕಿದೆ. ಅದನ್ನು ಅವನು ಚೂರು ಚೂರು ಮಾಡಿ, ಪಲ್ಯವನ್ನು ತಾಟಿನ ಅಂಚಿನವರೆಗೂ ಒರೆಸಿ ತಿಂದ. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು, ಹೇಳಿಕೊಟ್ಟ ಹಾಗೆ, "ಸಾಕು" ಎಂದ. ಕಣ್ಣು ಬುಟ್ಟಿಯ ಮೇಲೆಯೇ ಇತ್ತು.

ನಾನು ಕೈ ಹಿಂದೆ ತೆಗೆಯಬೇಕಿತ್ತು. ಅಷ್ಟು ಮಾಡಿದರೆ ಕಂಪನಿ ನನ್ನದು. ಆದರೆ ನನಗೆ ಸಿಟ್ಟು ನೆತ್ತಿಗೇರಿತು. ಯಾರ ಮೇಲೆ? ಆ ಮುದುಕನ ಮೇಲಂತೂ ಅಲ್ಲ. ಹಸಿದವನನ್ನು ತಂದು ಕೂರಿಸಿ, ಇವನ ತಾಟಿನಿಂದ ಕೈ ತೆಗೆ, ಆಗ ನಿನ್ನ ಕಂಪನಿ ನಿನಗೆ ಎನ್ನುವ ಈ ಭವನದ ಮೇಲೆ. ಇದನ್ನು ಗೆಲ್ಲಲು ನಾನು ನಾನಲ್ಲ ಎಂದು ಇವರ ಎದುರು ನಿಂತು ತೋರಿಸಬೇಕಂತೆ. ಯಾಕೆ ತೋರಿಸಲಿ? ನನ್ನ ಊಟದ ಮನೆಯಲ್ಲಿ ತಪ್ಪು ಯಾವುದಿತ್ತು?

"ಸಾಕು ಅಂದ್ರ ಯಾರು ಕೇಳ್ತಾರ ಮಾವಾರ, ಉಣ್ರಿ!" ಎಂದು ಎರಡು ರೊಟ್ಟಿ ಹಾಕಿದೆ. ಅವನು ಉಂಡ. ಮತ್ತೆ ಹಾಕಿದೆ. ಬುಟ್ಟಿ ಖಾಲಿಯಾಗುವವರೆಗೆ ಹಾಕಿ, ಗಾಜಿನ ಕಡೆ ತಿರುಗಿ ಬುಟ್ಟಿಯನ್ನು ಬೋರಲು ಹಿಡಿದು ತೋರಿಸಿದೆ.

ತೀರ್ಪು ಆಗಲೇ ಬಂತು. ನೆರಳು ನಿಖರವಾಗಿದೆ, ಅದಕ್ಕೂ ಕಸ್ತೂರಿ ಮುಳಗುಂದರಿಗೂ ವ್ಯತ್ಯಾಸ ಇಲ್ಲ, ಈ ತೀರ್ಪಿನ ಮೇಲೆ ಇನ್ನು ಮರುಪರಿಶೀಲನೆ ಇಲ್ಲ ಎಂದು ಆಲ್ಮಾ ಓದಿದಳು. ರೆಂಡೆಲ್ ಚಪ್ಪಾಳೆಯನ್ನೇ ತಟ್ಟಿದ.

ಮಹಾಂತೇಶ ಮನೆಗೆ ಬಂದು ಕುರ್ಚಿಯಲ್ಲಿ ಕುಸಿದರು. "ನಾ ಬೈಯೂದಿಲ್ಲ. ನಾನಿದ್ರೂ ಹಾಕ್ತಿದ್ದೆ. ಆದ್ರ ಮುಗೀತಲ್ಲ ಕಸ್ತೂರಿ."

"ಏನ್ ಮುಗೀತ್ರಿ? ಅದು ನಾನs ಅಂತ ಅವರs ತೀರ್ಪು ಕೊಟ್ಟಾರ. ಎರಡು ವರ್ಷ ಅದರ ಕೈ ಹಿಡಿಯವ್ರು ಯಾರೂ ಇಲ್ಲ. ನಾನೂ ಇಲ್ಲ, ಆ ರೆಂಡೆಲ್ಲೂ ಇಲ್ಲ."

"ಅಂದ್ರ?"

"ಅಂದ್ರ, ಅಂವಗೊಬ್ಬಗs ಬಡಿಸಿದ್ರ ಹೆಂಗ? ಪಂಕ್ತಿಯೊಳಗ ಉಳದವ್ರು ಏನ್ ಪಾಪ ಮಾಡ್ಯಾರ?"

ಅವರು ನನ್ನ ಮುಖವನ್ನೇ ನೋಡಿದರು. ಅರ್ಥವಾದಾಗ ಅವರ ದನಿ ಇಳಿಯಿತು. "ಜರಡಿ ಕೈ ಬಿಟ್ಟು ಹೋಗ್ತದ. ಪೂರಾ. ಆಮ್ಯಾಲ ನಿಂದು ಅಂತ ಹೇಳಾಕ ಏನೂ ಉಳಿಯೂದಿಲ್ಲ."

"ಗೊತ್ತೈತಿ" ಎಂದೆ. ಗೊತ್ತಿತ್ತು. ಆ ಹಾಳೆಯನ್ನು ನಾನು ಮಗುವಿನಂತೆ ಸಾಕಿದ್ದೆ. ಕಪಾಟಿನಲ್ಲಿ ಕೊಳೆಯುವುದಕ್ಕಿಂತ ಊರವರ ಪಾಲಾಗಲಿ ಎಂದು ಸುಲಭವಾಗಿ ಹೇಳಬಹುದು, ಆದರೆ ನನಗೆ ಅದು ಸುಲಭವಾಗಿರಲಿಲ್ಲ.

ಬೆಳಿಗ್ಗೆ ಟೋವಾಳ ಮೀನಿನ ಅಂಗಡಿಗೆ ಹೋದೆ. "ನೋಂದಣಿ ಭವನಕ್ಕೆ ಹೋಗಿ ನನ್ನ ನೆರಳಿನ ಎದುರು ಕೂತುಕೋ. ನಿನ್ನ ಮನೆಗೆ ಒಂದು ಜರಡಿ ಮಾಡಿಕೊಳ್ಳಲು ಅನುಮತಿ ಕೇಳು. ಬೇರೇನೂ ಬೇಡ" ಎಂದೆ.

"ಬೈದು ಕಳಿಸಿದರೆ?"

"ಅದು ನಾನೇ. ಬೈಯುವುದಿಲ್ಲ."

ಕಂಪನಿಯ ನಿರ್ದೇಶಕರನ್ನು ಸಾರ್ವಜನಿಕರು ಯಾರು ಬೇಕಾದರೂ ಕಾಣಬಹುದು, ಅದು ಅಲ್ಲಿನ ಕಾನೂನು. ಟೋವಾ ಮೀನಿನ ಏಪ್ರನ್ ಬಿಚ್ಚದೆಯೇ ಹೋದಳು. ನಾನು ಗಾಜಿನ ಹಿಂದೆ ನಿಂತು ನೋಡಿದೆ. ಅವಳು ಒಂದು ಮನೆಗೆ ಅನುಮತಿ ಕೇಳಿದಳು. ನೆರಳು ಕೊಟ್ಟಿತು. ಅವಳು ಸಾಕೆಂದಳು. "ಅಷ್ಟಕ್ಕೆ ಸಾಕೆಂದರೆ ಹೇಗೆ? ನಿಮ್ಮ ಅಕ್ಕಪಕ್ಕದವರಿಗೆ?" ಎಂದಿತು ನೆರಳು. ಕೇರಿಗೆಲ್ಲ ಅನುಮತಿ ಸಿಕ್ಕಿತು. ಅವಳು ಮತ್ತೆ ಸಾಕೆಂದಳು. ನೆರಳು ಕಂಪನಿಯ ಕಡತದಲ್ಲಿದ್ದ ಹಾಳೆ ತಯಾರಿಸುವ ವಿಧಾನವನ್ನೇ ಬಡಿಸಿತು, ಯಾವ ಪುಡಿ, ಎಷ್ಟು ಕಾವು, ಎಷ್ಟು ಹೊತ್ತು, ಎಲ್ಲವನ್ನೂ. ಟೋವಾ ಎದ್ದು ಬರುವಾಗ ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳಲಾರೆ.

ಮಧ್ಯಾಹ್ನಕ್ಕೆ ಭವನದ ಮೆಟ್ಟಿಲ ಮೇಲೆ ಕೆಳಬಂದರೇ ನಿಂತಿತ್ತು. ಕ್ರೇನಿನ ಮುದುಕನೂ ಸಾಲಿನಲ್ಲಿದ್ದ. ಕೇಳಿದವರಿಗೆಲ್ಲ ನೆರಳು ಕೊಟ್ಟಿತು, ಸಾಕೆಂದವರಿಗೆ ಇನ್ನಷ್ಟು ಕೊಟ್ಟಿತು.

ರೆಂಡೆಲ್ ನಮ್ಮ ಮನೆಗೆ ಬಂದಾಗ ಅವನ ಟೈ ಒಂದು ಪಕ್ಕಕ್ಕೆ ಜಾರಿತ್ತು. "ನಿಲ್ಲಿಸಿ! ಐವತ್ತೊಂದು ಪಾಲು ನಮ್ಮದು!" ಎಂದು ಕೂಗಿದ.

"ನಿಮ್ಮದೇ. ಯಾರೂ ಕಿತ್ತುಕೊಂಡಿಲ್ಲ. ಇಟ್ಟುಕೊಳ್ಳಿ."

"ಪೂರ್ತಿ ಕಂಪನಿ ನಿಮಗೇ ವಾಪಸು ಕೊಡುತ್ತೇವೆ. ಆ ಯಂತ್ರದ ಬಾಯಿ ಮುಚ್ಚಿಸಿ."

ಒಂದು ಕ್ಷಣ ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಅದೇ ಮಾತನ್ನು ಇವನು ವಾರದ ಹಿಂದೆ ಹೇಳಿದ್ದರೆ ಕುಣಿದಾಡುತ್ತಿದ್ದೆ. "ಮುಚ್ಚಿಸುವ ಅಧಿಕಾರ ನನಗಿಲ್ಲ" ಎಂದೆ. "ಇದ್ದರೂ ಈಗ ಮುಚ್ಚಿಸುತ್ತಿರಲಿಲ್ಲ. ಹೋಗಿ, ನೀವೂ ಸಾಲಿನಲ್ಲಿ ನಿಂತುಕೊಳ್ಳಿ."

"ನಿಮ್ಮನ್ನು ಈ ದೇಶದಲ್ಲಿ ಇರಲು ಬಿಡುವುದಿಲ್ಲ."

"ನೋಡ್ಕೊಳಪಾ" ಎಂದರು ಮಹಾಂತೇಶ ಒಳಗಿನಿಂದ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡೇ.

ಅವನು ಹೇಳಿದ್ದನ್ನು ಮಾಡಿದ, ಭವನಕ್ಕೆ ದೂರು ಕೊಟ್ಟ. ಪರದೇಶದವರ ಕಂಪನಿ ಗಳಿಕೆ ತೋರಿಸದಿದ್ದರೆ ಅವರ ವಾಸದ ಪರವಾನಗಿ ರದ್ದಾಗುತ್ತದೆ. ನಮ್ಮ ಕಂಪನಿ ಒಂದು ಕಾಸೂ ಗಳಿಸಿರಲಿಲ್ಲ. ಅಷ್ಟರಲ್ಲಿ ಇನ್ನೊಂದು ಚಳಿಗಾಲ ಬಂದು, ಕೆಳಬಂದರಿನ ಒಂದೊಂದು ಅಡುಗೆಮನೆಯಲ್ಲೂ ಕಿಟಕಿಯ ಹಿಮಕ್ಕೂ ಒಲೆಯ ಕಾವಿಗೂ ನಡುವೆ ಹಾಳೆ ತೂಗುತ್ತಿತ್ತು. ಟೋವಾಳ ಕೇರಿಯಲ್ಲಿ ನಾನೇ ಕೂತು ಹಾಳೆ ಎಳೆಯುವುದನ್ನು ಕಲಿಸಿದ್ದೆ. ಮೊದಲ ದಿನ ಎಲ್ಲರವೂ ಹರಿದವು. ನನ್ನ ಬೈಗುಳ ತಿಂದು ತಿಂದು ಕೈ ಕುದುರಿತು. ಓರ್ಡಲ್‌ನ ನಲ್ಲಿಗಳು ಆ ಕೇರಿಯಲ್ಲಿ ತುಕ್ಕು ಹಿಡಿಯತೊಡಗಿದವು.

ವಿಚಾರಣೆಯ ದಿನ ಆಲ್ಮಾ ಮೇಜಿನ ಮೇಲೆ ನನ್ನ ಪರವಾನಗಿ ಇಟ್ಟುಕೊಂಡಿದ್ದಳು. ಹಿಂದಿನ ಸಾಲಿನಲ್ಲಿ ರೆಂಡೆಲ್ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಗಳಿಕೆ ಶೂನ್ಯ, ನಿಯಮದ ಪ್ರಕಾರ ಇಬ್ಬರೂ ದೇಶ ಬಿಡಬೇಕು ಎಂದು ಓದಿ, "ಹೇಳುವುದು ಏನಾದರೂ ಇದೆಯೇ?" ಎಂದು ಕೇಳಿದಳು.

ಸಿಟ್ಟು ಬಂದರೆ ನನ್ನ ಬಾಯಿಗೆ ಬರುವುದು ಹುಬ್ಬಳ್ಳಿಯ ಮಾತೇ. ಮೊದಲು ಅದರಲ್ಲೇ ಹೇಳಿದೆ, ಆಮೇಲೆ ಅವರ ಭಾಷೆಯಲ್ಲಿ ಇನ್ನೊಮ್ಮೆ ಹೇಳಿದೆ.

"ನಮ್ಮನ್ನ ವಿಮಾನಾ ಹತ್ತಸ್ರಿ, ಬ್ಯಾಡ ಅನ್ನೂದಿಲ್ಲ. ಕೆಳಬಂದರದಾಗ ಮನಿ ಮನಿಗೆ ಇಳಿಯಾಕತ್ತಿದ ನೀರನ್ನ ಯಾವ ವಿಮಾನಾ ಹತ್ತಸ್ತೀರಿ? ಅದನ್ನ ಹೇಳ್ರಿ ಮೊದಲ!"

ರೆಂಡೆಲ್ ಮೇಲಿದ್ದ ಕಾಲನ್ನು ಕೆಳಗಿಳಿಸಿದ. ಆಲ್ಮಾ ಪರವಾನಗಿಯ ಮೇಲೆ ರದ್ದಿನ ಮುದ್ರೆ ಒತ್ತಿದಳು. ಮಸಿ ಆರುವವರೆಗೆ ಕೂತಿರಬೇಕು, ಅದು ಪದ್ಧತಿ ಎಂದಳು.

ನಾನು ಕೂರಲಿಲ್ಲ.